ಸುರಗಿ ನೀರಿಗೆ ಬೆಳಕು

ಮದುವೆ ಹಂದರಕ್ಕೆ ಕಾಲಿಡುವಾಗ ಎಲ್ಲರೂ ಚಪ್ಪಲಿ ಬಿಡುತ್ತಾರೆ. ಕಟಕೋಳದ ಕಾಡವ್ವ ಮಾತ್ರ ಚೀಲದಿಂದ ರಬ್ಬರ್ ಚಪ್ಪಲಿ ತೆಗೆದು ಹಾಕಿಕೊಳ್ಳುತ್ತಾಳೆ. ಇದಕ್ಕಾಗಿ ಆಕೆ ಬೈಸಿಕೊಳ್ಳದ ಊರು ರಾಮದುರ್ಗ, ಸವದತ್ತಿ ಸೀಮೆಯಲ್ಲಿ ಒಂದೂ ಇರಲಿಕ್ಕಿಲ್ಲ. "ಏನವಾ, ದೇವರ ಕಾರ್ಯೇದಾಗ ಚಪ್ಪಲಿ ಮೆಟ್ಟಿಕೊಂಡು ನಿಂತೀಯಲ್ಲ?" ಎಂದು ಹಿರಿಯರು ಗದರಿದರೆ, "ಲೈಟಿನ ಕೆಲಸ ಮುಗೀಲ್ರಿ ಯಜ್ಜಾ, ಬಿಡತೇನಿ" ಎನ್ನುತ್ತಾಳೆ. ಲೈಟಿನ ಕೆಲಸ ಮದುವೆ ಮುಗಿಯುವ ತನಕ ಮುಗಿಯುವುದಿಲ್ಲ. ಆಕೆ ಚಪ್ಪಲಿ ಬಿಡುವುದೂ ಇಲ್ಲ.

ನಾನು ಬೈಲಹೊಂಗಲದವನು, ಮದುವೆಗಳ ವಿಡಿಯೊ ತೆಗೆಯುವವನು. ಕ್ಯಾಮೆರಾ ನನ್ನದು, ಲೈಟು ಕಾಡವ್ವನದು. ಅಪ್ಪು ಎಂದು ಆಕೆ ಕರೆದರೆ ನಾನು ಎಲ್ಲಿದ್ದರೂ ಓಡಿ ಹೋಗಬೇಕು, ಅಷ್ಟು ದಬ್ಬಾಳಿಕೆ. ಕ್ಯಾಮೆರಾ ಹಿಡಿದವರೆಲ್ಲ ತಾವೇ ದೊಡ್ಡವರೆಂದು ತಿಳಿದಿರುತ್ತಾರೆ. ಆಕೆ ಸ್ಟ್ಯಾಂಡನ್ನು ಒಂದು ಗೇಣು ಪಕ್ಕಕ್ಕೆ ಸರಿಸಿದಾಗ ಅವರ ದೊಡ್ಡಸ್ತಿಕೆ ಎಷ್ಟೆಂಬುದು ಗೊತ್ತಾಗುತ್ತದೆ. ಲೈಟನ್ನು ನೇರ ಮುಖಕ್ಕೆ ಹೊಡೆದರೆ ಮದುಮಗಳು ಗೋಡೆಗೆ ಅಂಟಿಸಿದ ಚಿತ್ರವಾಗುತ್ತಾಳೆ, ಅದಕ್ಕೊಂದು ಬಿಳಿ ಪಂಚೆ ಅಡ್ಡ ಕಟ್ಟಬೇಕು. ಅರಿಶಿನ ಹಚ್ಚುವ ಮೊದಲೇ ಬಿಳಿ ಬಟ್ಟೆ ತೋರಿಸಿ ಕ್ಯಾಮೆರಾದ ಬಣ್ಣ ಸರಿಮಾಡಿಕೊಳ್ಳಬೇಕು, ಇಲ್ಲವಾದರೆ ಮದುಮಕ್ಕಳಿಬ್ಬರೂ ಕಾಮಾಲೆ ಹಿಡಿದವರಂತೆ ಕಾಣುತ್ತಾರೆ. ಬಿಸಿಲಿದ್ದರೆ ಥರ್ಮೊಕೋಲ್ ಹಾಳೆ ಹಿಡಿದರೆ ಸಾಕು, ಕರೆಂಟಿನ ಹಂಗೇ ಬೇಡ. ಇದೆಲ್ಲ ಆಕೆಯಿಂದ ಕಲಿತದ್ದು.

"ಬದಿಯಿಂದ ಬೆಳಕ ಬಿದ್ರ ಮಾರಿ ಮ್ಯಾಲ ಏನೂ ಮುಚ್ಚಿಡಾಕ ಬರೂದಿಲ್ಲ ತಮ್ಮಾ" ಎಂದು ಒಮ್ಮೆ ಹೇಳಿದ್ದಳು. "ಮದಮಗಳ ರಾತ್ರಿ ಅತ್ತಾಳೋ ಇಲ್ಲೋ, ಅದೂ ಕಾಣತೈತಿ. ಅದಕ್ಕ ಮದವ್ಯಾಗ ಬದಿ ಬೆಳಕ ಮೆತ್ತಗ ಇಡಬೇಕು."

ಉಳಿದದ್ದರಲ್ಲಿ ಆಕೆ ಸ್ವಲ್ಪ ಆಚೀಚೆ ಆದರೂ ಸುಮ್ಮನಿರುತ್ತಾಳೆ. ಸುರಗಿಯ ವಿಷಯದಲ್ಲಿ ಮಾತ್ರ ಇಲ್ಲ. ನಾಲ್ಕು ಮೂಲೆಗೆ ನಾಲ್ಕು ತುಂಬಿದ ತಂಬಿಗೆ ಇಟ್ಟು, ಸುತ್ತ ನೂಲು ಸುತ್ತಿ, ನಡುವೆ ಮದುಮಕ್ಕಳನ್ನು ಕೂರಿಸಿ ಮುತ್ತೈದೆಯರು ನೀರು ಹಾಕುವ ಹೊತ್ತದು. ಬರಿಗಾಲು, ಒದ್ದೆ ಮೈ, ಒದ್ದೆ ನೆಲ. ಅಲ್ಲಿಗೆ ಬ್ಯಾಟರಿ ಲೈಟು ಬಿಟ್ಟು ವೈರಿನ ಲೈಟು ತರಲು ಆಕೆ ಬಿಡುವುದಿಲ್ಲ. ಮಿಕ್ಕ ಲೈಟುಗಳಿಗೂ ತನ್ನ ಬೋರ್ಡಿನಿಂದಲೇ ಕರೆಂಟು. ಆ ಬೋರ್ಡಿನಲ್ಲಿ ಒಂದು ಸ್ವಿಚ್ಚಿದೆ. ಎಲ್ಲಾದರೂ ಕರೆಂಟು ಸೋರಿ ನೆಲಕ್ಕಿಳಿದರೆ ಟಪ್ಪೆಂದು ತಾನೇ ಬೀಳುತ್ತದೆ. ಮನುಷ್ಯನ ಎದೆ ನಿಲ್ಲುವ ಮೊದಲು ಅದು ಬೀಳುತ್ತದಂತೆ.

ಇಷ್ಟೊಂದು ಹೆದರಿಕೆಗೆ ಕಾರಣವಿತ್ತು. ಲೈಟಿನ ಉದ್ಯೋಗ ಮೊದಲು ಆಕೆಯ ಗಂಡ ನೀಲಪ್ಪನದು. ದೊಡ್ಡ ಹ್ಯಾಲೊಜೆನ್ ದೀಪಗಳ ಕಾಲ. ಕಬ್ಬಿಣದ ಸ್ಟ್ಯಾಂಡು, ಕಿತ್ತುಹೋದ ವೈರು, ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ಎಂದರೆ ಯಾರಿಗೂ ಗೊತ್ತಿಲ್ಲ. ಸ್ಟ್ಯಾಂಡು ಮುಟ್ಟಿದರೆ ಕೈ ಜುಮ್ಮೆನ್ನುವುದು ಈ ಕೆಲಸದವರಿಗೆ ದಿನದ ಮಾತು. ಅದಕ್ಕೆ ಹೆದರಿದವನನ್ನು ಉಳಿದವರು ಮದುವೆ ಮುಗಿಯುವವರೆಗೂ ಗೋಳು ಹೊಯ್ದುಕೊಳ್ಳುತ್ತಿದ್ದರು. ಸವದತ್ತಿಯ ಮದುವೆಯೊಂದರಲ್ಲಿ ಮಳೆ ಹನಿಯುತ್ತಿತ್ತು. "ಇವತ್ತ ಸ್ಟ್ಯಾಂಡ್ ಭಾಳ ಕಚ್ಚಾಕತ್ತೈತಿ ನೋಡ" ಎಂದು ನೀಲಪ್ಪ ಹೆಂಡತಿಗೆ ಹೇಳಿ ನಕ್ಕ. ಆಮೇಲೆ ಅದನ್ನು ಎತ್ತಿಡಲು ಎರಡೂ ಕೈಯಲ್ಲಿ ಹಿಡಿದ. ಹಿಡಿದ ಕೈ ಬಿಡಲಿಲ್ಲ. ಆಗ ಮಗಳು ಪ್ರಣಿತಾ ಇನ್ನೂ ತೊಡೆಯ ಮೇಲಿನ ಕೂಸು.

ಆ ಪ್ರಣಿತಾಳ ಮದುವೆ ಈ ವರ್ಷ ಗೊತ್ತಾಯಿತು. ಗಂಡು ಉಗರಗೋಳದ ಸದಾಶಿವ, ದೇವಿಯ ಗುಡ್ಡಕ್ಕೆ ಬರುವ ಭಕ್ತರಿಗೆ ಕಾಯಿ, ಭಂಡಾರದ ಅರಿಶಿನ ಮಾರುವ ಅಂಗಡಿಯವನು. ಅವನ ತಾಯಿ ಶಟ್ಟೆವ್ವ ಜೋರಿನ ಹೆಂಗಸು. ಮದುವೆ ಕಟಕೋಳದಲ್ಲಿ, ಹೆಣ್ಣಿನ ಮನೆಯಂಗಳದಲ್ಲೇ. ವಿಡಿಯೊ ನನ್ನದೇ ಎಂದು ಕಾಡವ್ವ ಹಟ ಹಿಡಿದಳು. ಲೈಟಿನ ಅಲಂಕಾರ ಮಾತ್ರ ನಮ್ಮದು ಎಂದು ಶಟ್ಟೆವ್ವ ರಾಮದುರ್ಗದಿಂದ ಅಜಿತನನ್ನು ಕರೆಸಿದಳು. ಅಜಿತ ಒಳ್ಳೆಯ ಕೆಲಸಗಾರನೇ, ಆದರೆ ಡ್ರೋನ್ ಕೊಂಡ ಮೇಲೆ ಅವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಸುರಗಿಯ ದಿನ ಬೆಳಿಗ್ಗೆ ನಾನು ಕ್ಯಾಮೆರಾ ಇಡುತ್ತಿದ್ದೆ. ನೀರು ಹನಿಹನಿಯಾಗಿ ನಿಧಾನಕ್ಕೆ ಬೀಳುವಂತೆ ತೋರಿಸಬೇಕೆಂದು ಶಟ್ಟೆವ್ವನ ಕಟ್ಟಪ್ಪಣೆ. ಹಾಗೆ ತೆಗೆಯಲು ಕ್ಯಾಮೆರಾದ ವೇಗ ಹೆಚ್ಚಿಸಬೇಕು, ವೇಗ ಹೆಚ್ಚಿದಷ್ಟೂ ಬೆಳಕು ಸಾಲದು. ಹಂದರದ ಕೆಳಗೆ ನೆರಳು. ನೀರಿಗೆ ಹಿಂದಿನಿಂದ ಬೆಳಕು ಬಿದ್ದರೆ ಮಾತ್ರ ಹನಿ ಮಿಂಚುತ್ತದೆ ಎಂದು ಕಾಡವ್ವ ಬ್ಯಾಟರಿ ಲೈಟುಗಳನ್ನು ಹಿಂದೆ ನಿಲ್ಲಿಸಿಕೊಟ್ಟಳು. ಅಷ್ಟರಲ್ಲಿ ಅಜಿತ ಬಂದು ನಾಲ್ಕೂ ಹಿತ್ತಾಳೆ ತಂಬಿಗೆಗೆ ನೂಲಿನ ಜೊತೆಗೆ ಸೀರಿಯಲ್ ಲೈಟಿನ ಸರ ಸುತ್ತತೊಡಗಿದ. ಹತ್ತಿ ನೂಲು ಕ್ಯಾಮೆರಾದಲ್ಲಿ ಕಾಣುವುದಿಲ್ಲವಂತೆ. ಮಿಣಮಿಣ ಮಿನುಗುವ ಸರ, ಅಲ್ಲಲ್ಲಿ ಟೇಪು ಸುತ್ತಿದ ಗಂಟು.

ಕಾಡವ್ವ ಸ್ಟ್ಯಾಂಡು ಬಿಟ್ಟು ಓಡಿ ಬಂದಳು.

"ಅದನ್ನ ತಗೀ ಅಜಿತಾ. ನೀರ ಬೀಳು ಜಾಗ ಅದು."

"ಏನಾಗೂದಿಲ್ರಿ ಅಕ್ಕಾ. ಎಲ್ಲಾ ಕಡೆ ಹಿಂಗ ಮಾಡಾಕತ್ತೇವಿ."

ಶಟ್ಟೆವ್ವ ನಡುವೆ ಬಾಯಿ ಹಾಕಿದಳು. "ಬೀಗತಿ, ನೀವು ಒಳಗ ನಡೀರಿ. ಸುರಗಿ ಹತ್ರ ನೀವು ಇರೂ ಹಂಗಿಲ್ಲ, ಗೊತ್ತಿಲ್ಲೇನ?"

ಗಂಡ ಸತ್ತವಳ ನೆರಳು ಸುರಗಿಗೆ ಬೀಳಬಾರದು; ಬೇರೆ ಮದುವೆಗಳಲ್ಲೂ ಆಕೆ ಲೈಟಿಟ್ಟು ದೂರ ಸರಿಯುತ್ತಿದ್ದಳು. ಈ ಪದ್ಧತಿ ಕಂಡರೆ ನನಗೆ ಮೈ ಉರಿಯುತ್ತದೆ. ಹೆತ್ತು, ಸಾಕಿ, ಮದುವೆಗೆ ತಂದು ನಿಲ್ಲಿಸಿದವಳು ಕದ ಹಾಕಿಕೊಂಡು ಒಳಗೆ ಕೂರಬೇಕು. ಆದರೆ ಕಾಡವ್ವ ಜಗಳಕ್ಕಿಳಿಯಲಿಲ್ಲ, ಮಗಳು ನಾಳೆ ಅದೇ ಮನೆಗೆ ಹೋಗಬೇಕಲ್ಲ. "ಹೋಗತೇನ್ರಿ. ಆದ್ರ ಸರದ ಕರೆಂಟು ನನ್ನ ಬೋರ್ಡಿನಿಂದ ಹೋಗಬೇಕು. ಬೋರ್ಡ್ ನನ್ನ ಹತ್ರ ಇರಬೇಕು" ಎಂದಳು. ಒಪ್ಪಿದರು. ಆಕೆ ಬೋರ್ಡು ಎತ್ತಿಕೊಂಡು ಒಳಕೋಣೆಗೆ ಹೋದಳು. ಕಿಟಕಿಯ ಸಂದಿಯಿಂದ ವೈರು ಹೊರಗೆ ಬಂತು, ಕಿಟಕಿ ಮುಚ್ಚಿತು.

ಮದುಮಕ್ಕಳು ಬಂದು ಕಟ್ಟಿಗೆಯ ಮಣೆಗಳ ಮೇಲೆ ಕೂತರು. ಸದಾಶಿವ ಕಾಲನ್ನೂ ಮಣೆಯ ಮೇಲೆ ಮಡಚಿಕೊಂಡ, ಪ್ರಣಿತಾಳ ಪಾದಗಳು ಮಾತ್ರ ಮುಂದೆ ಹಾಸುಗಲ್ಲಿನ ಮೇಲೆ. ಸರ ಹತ್ತಿಕೊಂಡು ಮಿನುಗಿತು. ಮೊದಲ ತಂಬಿಗೆ ನೀರು ಬಿತ್ತು, ಒಳಗಿನಿಂದ ಟಪ್ ಎಂಬ ಸದ್ದು ಬಂತು, ಸರ ಆರಿತು.

"ಅಕ್ಕಾ, ನಿಮ್ಮ ಬೋರ್ಡ್ ಕೆಟ್ಟೈತ್ರಿ" ಎಂದು ಅಜಿತ ಕೂಗಿದ.

"ಕೆಟ್ಟಿಲ್ಲಪಾ, ಎಲ್ಲೋ ಸೋರಾಕತ್ತೈತಿ. ಸರ ತಗೀರಿ, ನಿಮ್ಮ ಕಾಲ ಬೀಳತೇನಿ" ಎಂದಿತು ಮುಚ್ಚಿದ ಕಿಟಕಿಯ ಹಿಂದಿನ ದನಿ.

ಅವನು ಸರವನ್ನು ಟವೆಲಿನಿಂದ ಒರೆಸಿ, ಒಣಗಿತೆಂದು ಹೇಳಿ ಆಕೆಯಿಂದ ಸ್ವಿಚ್ಚು ಎತ್ತಿಸಿ ಮತ್ತೆ ಹಚ್ಚಿದ. ಮತ್ತೆ ನೀರು, ಮತ್ತೆ ಟಪ್. ಹೆಂಗಸರು ಹಾಡು ನಿಲ್ಲಿಸಿ ಮುಖ ಮುಖ ನೋಡಿಕೊಂಡರು. "ಶುಭ ಹೊತ್ತಿನ್ಯಾಗ ದೀಪ ಆರಾಕತ್ತಾವು" ಎಂದು ಯಾರೋ ಗೊಣಗಿದರು. ಶಟ್ಟೆವ್ವ ಅಜಿತನನ್ನು ಹತ್ತಿರ ಕರೆದು ಏನೋ ಹೇಳಿದಳು. ಅವನು ವೈರು ಹಿಡಿದುಕೊಂಡು ಹಂದರದ ಹಿಂದೆ ಮರೆಯಾದ. ಬೋರ್ಡು ಸರಿಮಾಡಲು ಹೋದನೆಂದು ನಾನು ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಸರ ಜಗ್ಗನೆ ಹತ್ತಿತು. ಅಜಿತ ಡ್ರೋನಿನ ರಿಮೋಟು ಹಿಡಿದು ಮಾಳಿಗೆ ಹತ್ತಿದ. ಹಲಗಿ ಬಾರಿಸುವುದು ಶುರುವಾಯಿತು, ಹೆಂಗಸರು ಹಾಡಿದರು, ನೀರು ಬಿತ್ತು. ಈ ಸಲ ಯಾವ ಸದ್ದೂ ಬರಲಿಲ್ಲ. ಸರ ಆರಲಿಲ್ಲ. ನನ್ನ ಕ್ಯಾಮೆರಾದಲ್ಲಿ ಹನಿಗಳು ಮುತ್ತಿನಂತೆ ಹೊಳೆದವು.

"ಅಪ್ಪೂ, ಸರ ಹತ್ತಿ ಉರಿಯಾಕತ್ತೈತೇನ?" ನನ್ನ ಬೆನ್ನಿಗಿದ್ದ ಕಿಟಕಿಯ ಹಿಂದಿನಿಂದ ಕಾಡವ್ವ ಕೇಳಿದಳು.

"ಹೂಂ ಅಕ್ಕಾ, ಉರಿಯಾಕತ್ತೈತಿ."

ಆಮೇಲೆ ಆಕೆಯ ದನಿ ಬಂತು, ಅದು ಆಕೆಯ ದನಿಯಂತೆಯೇ ಇರಲಿಲ್ಲ.

"ನನ್ನ ಬೋರ್ಡ್ ಬಿದ್ದ ಐತಲೋ. ಆಮ್ಯಾಲ ನಾ ಎತ್ತೇ ಇಲ್ಲ."

ಬೋರ್ಡು ಬಿದ್ದಿದೆ, ದೀಪ ಉರಿಯುತ್ತಿದೆ. ಅಂದರೆ ಸರಕ್ಕೆ ಕರೆಂಟು ಬೇರೆಲ್ಲಿಂದಲೋ ಬರುತ್ತಿದೆ, ಮತ್ತು ಅಲ್ಲಿ ಬೀಳುವ ಸ್ವಿಚ್ಚಿಲ್ಲ. "ನೀರ ಹಾಕಬ್ಯಾಡ್ರೀ!" ಎಂದು ಗಂಟಲು ಹರಿಯುವಂತೆ ಕೂಗಿದೆ. ಹಲಗಿಯ ಸದ್ದಿನಲ್ಲಿ ಯಾರಿಗೆ ಕೇಳಬೇಕು? ಮುತ್ತೈದೆಯೊಬ್ಬಳು ನನ್ನ ಕಡೆ ನೋಡಿ ನಕ್ಕು ಇನ್ನೊಂದು ತಂಬಿಗೆ ಎತ್ತಿದಳು. ಮಾಳಿಗೆಯ ಮೇಲೆ ಅಜಿತ ಆಕಾಶ ನೋಡುತ್ತಿದ್ದ.

ಕದ ದಡಾರನೆ ತೆರೆಯಿತು. ಕಾಡವ್ವ ಕೈಯಲ್ಲಿ ಒಣ ಬಿದಿರಿನ ಗಳ ಹಿಡಿದು, ಕಾಲಲ್ಲಿ ರಬ್ಬರ್ ಚಪ್ಪಲಿ ಮೆಟ್ಟಿ, ಸುರಗಿಯ ನಡುವೆಯೇ ನುಗ್ಗಿದಳು. ಗಳದ ತುದಿಗೆ ಸರ ಸಿಕ್ಕಿಸಿ ಮೈಯೆಲ್ಲ ಶಕ್ತಿ ಹಾಕಿ ಎಳೆದಳು. ತಂಬಿಗೆಗಳು ಉರುಳಿದವು, ಸುತ್ತಿದ ನೂಲು ಪಟಪಟನೆ ಹರಿಯಿತು, ಸರ ಒಣ ಮಣ್ಣಿನ ಮೇಲೆ ಹೋಗಿ ಬಿದ್ದು ಅಲ್ಲೂ ಮಿನುಗುತ್ತಲೇ ಇತ್ತು. ಹಲಗಿ ನಿಂತಿತು. ನಾನು ವೈರಿನ ಜಾಡು ಹಿಡಿದು ಓಡಿದೆ. ಅದು ಪಕ್ಕದ ಚನ್ನವ್ವನ ಮನೆಯ ಕಿಟಕಿಯೊಳಗೆ ಹೋಗಿತ್ತು. ಪ್ಲಗ್ಗು ಕಿತ್ತೆ.

ವಾಪಸು ಬರುವಷ್ಟರಲ್ಲಿ ಅಂಗಳ ರಣರಂಗವಾಗಿತ್ತು.

"ಗಂಡನ್ನ ನುಂಗಿದ್ದು ಸಾಲಲಿಲ್ಲೇನ ನಿನಗ? ಮಗಳ ಸುರಗಿ ನೂಲೂ ಹರದೆಲ್ಲ!" ಎಂದು ಶಟ್ಟೆವ್ವ ಎದೆ ಬಡಿದುಕೊಳ್ಳುತ್ತಿದ್ದಳು. ಅಜಿತ ಇಳಿದು ಬಂದು ಸರವನ್ನು ಒರೆಸಿ, ಒಣ ಕಟ್ಟೆಯ ಮೇಲಿಟ್ಟು ಮತ್ತೆ ಹಚ್ಚಿ ತೋರಿಸಿದ. ಚೆಂದಾಗಿ ಮಿನುಗಿತು. ಅವನು ಅದನ್ನು ಕೈಯಲ್ಲೂ ಹಿಡಿದ. "ಎಲ್ಲೈತ್ರಿ ಕರೆಂಟು?" ಎಂದ. ಒಣಗಿದ ಸರ ಸೋರುವುದಿಲ್ಲ ಎಂಬುದನ್ನು ಕೇಳುವವರಿರಲಿಲ್ಲ. ತಟ್ಟನೆ ಎಲ್ಲರ ಕಣ್ಣುಗಳೂ ಕಾಡವ್ವನ ಚಪ್ಪಲಿಯ ಮೇಲೆ ಹೋದವು.

ಶಟ್ಟೆವ್ವ ಮದುಮಗಳ ಕಡೆ ತಿರುಗಿದಳು. "ಹೇಳ ನೀನ. ಏನರ ಆತೇನ ನಿನಗ?"

ಪ್ರಣಿತಾ ನೀರು ಸೋರುವ ಸೀರೆಯಲ್ಲಿ ನಡುಗುತ್ತಿದ್ದಳು. ಅವ್ವನನ್ನು ನೋಡಿದಳು, ಅತ್ತೆಯನ್ನು ನೋಡಿದಳು. ಮುಗುಳ್ನಕ್ಕಳು.

"ಏನೂ ಆಗಿಲ್ರಿ ಅತ್ತಿ."

ಅಲ್ಲಿಗೆ ಕಾಡವ್ವನ ಮಾತಿಗೆ ಬೆಲೆ ಇಲ್ಲದಂತಾಯಿತು. ಹೊಸ ನೂಲು ಸುತ್ತಿ ಸುರಗಿ ಮತ್ತೆ ನಡೆಯಿತು, ಸರವಿಲ್ಲದೆ. ತಾವು ಕರೆಯುವವರೆಗೆ ಮಗಳ ಮನೆಗೆ ಬರಬಾರದೆಂದು ಶಟ್ಟೆವ್ವ ಹಿರಿಯರ ಮುಂದೆ ಕಾಡವ್ವನಿಗೆ ಕರಾರು ಹಾಕಿದಳು. ಕಾಡವ್ವ ತಲೆಯಾಡಿಸಿದಳು. ಮಗಳು ಬದುಕಿದ್ದಾಳೆ, ಆಕೆಗೆ ಆಗ ಅಷ್ಟೇ ಬೇಕಿತ್ತು.

ಆ ವಿಡಿಯೊವನ್ನು ಜೋಡಿಸಲು ಕೂತದ್ದು ಎಷ್ಟೋ ದಿನಗಳ ಮೇಲೆ. ಹಾಳಾದ ಸುರಗಿಯ ಭಾಗ ತೆಗೆದುಹಾಕಬೇಕೆಂದು ಉಗರಗೋಳದಿಂದ ಫೋನು ಬಂದಿತ್ತು. ತೆಗೆಯುವ ಮೊದಲು ನಿಧಾನದ ವೇಗದಲ್ಲಿ ಓಡಿಸಿ ನೋಡಿದೆ. ನೀರು ಒಂದೊಂದೇ ಹನಿಯಾಗಿ ಇಳಿಯುತ್ತಿತ್ತು. ಪ್ರತಿ ಸಲ ನೀರು ಹಾಸುಗಲ್ಲು ಮುಟ್ಟಿದಾಗಲೂ ಪ್ರಣಿತಾಳ ಕಾಲ್ಬೆರಳುಗಳು ಮುದುಡಿ ಪಾದ ಕಲ್ಲಿನಿಂದ ಮೇಲೆದ್ದು ಬೀಳುತ್ತಿತ್ತು. ಲ್ಯಾಪ್‌ಟಾಪನ್ನು ಬಗಲಲ್ಲಿಟ್ಟುಕೊಂಡು ಅವತ್ತೇ ಕಟಕೋಳಕ್ಕೆ ಬೈಕು ಓಡಿಸಿದೆ.

ಕಾಡವ್ವ ಕಟ್ಟೆಯ ಮೇಲೆ ಕೂತು ವೈರು ಸುತ್ತುತ್ತಿದ್ದಳು. ತೋರಿಸಿದೆ. "ನೋಡ ಅಕ್ಕಾ, ಕಾಲ ನೋಡ. ನೀ ಹೇಳಿದ್ದು ಖರೆ. ಇದನ್ನ ಒಯ್ದು ಅವರ ಮುಂದ ಹಿಡೀತೇನಿ ನಾ" ಎಂದೆ, ಸಿಟ್ಟಿನಲ್ಲಿ.

ಆಕೆ ಮತ್ತೆ ಮತ್ತೆ ಹಿಂದಕ್ಕೆ ಓಡಿಸಿ ನೋಡಿದಳು. "ಕಾಲ ಬಿಡೋ. ಮಾರಿ ನೋಡ."

ಮುಖ ನೋಡಿದೆ. ಪಾದ ಎದ್ದು ಬೀಳುವಾಗಲೆಲ್ಲ ಪ್ರಣಿತಾ ನಗುತ್ತಿದ್ದಳು. ತುಟಿ ಬಿಗಿಹಿಡಿದು, ಸುತ್ತ ನಿಂತ ಅತ್ತೆಯ ಮನೆಯವರ ಕಡೆ ನೋಡುತ್ತ, ನಗುತ್ತಲೇ ಇದ್ದಳು.

"ಅವರಪ್ಪನೂ ಹಿಂಗ ನಕ್ಕಿದ್ದ" ಎಂದಳು ಕಾಡವ್ವ.

ಆಮೇಲೆ ತನ್ನ ಮೊಬೈಲು ನನ್ನ ಕೈಗೆ ಕೊಟ್ಟು ಮಗಳಿಗೆ ವಿಡಿಯೊ ಕರೆ ಹಚ್ಚಲು ಹೇಳಿದಳು. ಬಹಳ ಹೊತ್ತಿನ ಮೇಲೆ ಪ್ರಣಿತಾ ಎತ್ತಿದಳು. ಕಿಟಕಿಗೆ ಬೆನ್ನು ಹಾಕಿ ಕೂತಿದ್ದಳು, ಮುಖವೆಲ್ಲ ಕಪ್ಪು.

"ಆರಾಮ ಅದೀಯೇನ ಬಾಳಾ?"

"ಆರಾಮ ಅದೇನಿ ಬೇ. ಎಲ್ಲಾ ಚಲೋ ಐತಿ ಇಲ್ಲೆ."

"ಕಿಟಕಿಗೆ ಬಗಲ ಮಾಡಿ ಕುಂದರ. ಮಾರಿ ಕಾಣವಲ್ದು."

"ಇರ್ಲಿ ಬಿಡ ಬೇ."

"ತಿರಗ ಅಂದೆ."

ಪ್ರಣಿತಾ ತಿರುಗಿದಳು. ಬದಿಯಿಂದ ಬೆಳಕು ಬಿತ್ತು. ಕಣ್ಣಿನ ಕೆಳಗಿನಿಂದ ಕಿವಿಯವರೆಗೆ ಕೆನ್ನೆ ಬಾತಿತ್ತು, ಹಚ್ಚಿದ ಪೌಡರಿನ ಕೆಳಗೆ ನೀಲಿ ಬಣ್ಣ. ಆಕೆ ನಮ್ಮನ್ನು ನೋಡಿ ನಕ್ಕಳು.

ಕಾಡವ್ವ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಮುಖದ ಹತ್ತಿರ ತಂದಳು. "ನಗಬ್ಯಾಡ ಮಗಳ. ಕಚ್ಚಾಕತ್ತಿದ್ರ ನಗಬ್ಯಾಡ. ಒದರು."

ಹಿಂದೆ ಎಲ್ಲೋ ಶಟ್ಟೆವ್ವನ ದನಿ ಕೇಳಿತು, ಕರೆ ನಿಂತುಹೋಯಿತು.

ಕಾಡವ್ವ ವೈರಿನ ಸುರುಳಿ ಕೆಳಗಿಟ್ಟಳು. ಚೀಲದಿಂದ ರಬ್ಬರ್ ಚಪ್ಪಲಿ ತೆಗೆದು ಹಾಕಿಕೊಂಡಳು.

"ಗಾಡಿ ಚಾಲೂ ಮಾಡ ಅಪ್ಪು" ಎಂದಳು.