ನಾನು ಕಟ್ಟಿದ ಇಳಿಜಾರು

ಒಂದು ಚೀಲ ಸಿಮೆಂಟಿಲ್ಲದೆ, ಗಾರೆಯವನ ಹಂಗಿಲ್ಲದೆ ನಾನೊಂದು ಇಳಿಜಾರು ಕಟ್ಟಿದ್ದೇನೆ. ತೊಂಬತ್ತರ ದಶಕದ ಕೊನೆಯ ಮಾತು. ಅಂಗವಿಕಲರಿಗಾಗಿ ಕಾನೂನು ಬಂದು, ಅರಸೀಕೆರೆಯ ನಮ್ಮ ಕಚೇರಿಗೂ ಸುತ್ತೋಲೆ ಬಂತು. ಯಾವ ಕಚೇರಿ ಎಂದು ಕೇಳಬೇಡಿ, ಅದರ ಅನ್ನ ತಿಂದವನು ನಾನು. 'ಇಳಿಜಾರು ದಾರಿ ಇದೆಯೇ?' ಎಂಬುದು ಪ್ರಶ್ನೆ. 'ಇಲ್ಲ' ಎಂದರೆ ಏಕಿಲ್ಲ, ಯಾರು ಹೊಣೆ ಎಂದು ಮತ್ತೆ ಮೂರು ಪತ್ರ ಬರುತ್ತವೆ. 'ಇದೆ' ಎಂದರೆ ಕಡತ ಮುಚ್ಚುತ್ತದೆ. ಗುಮಾಸ್ತನಾದ ನಾನು 'ಇದೆ' ಎಂದು ಬರೆದು, ಸಾಹೇಬರ ಸಹಿ ಹಾಕಿಸಿ, ಕಾಫಿಗೆ ಹೋದೆ.

ಇದ್ದದ್ದು ಒಂಬತ್ತು ಮೆಟ್ಟಿಲು. ಬೇಲೂರು, ಹಳೇಬೀಡಿನಲ್ಲಿ ಗುಡಿಯನ್ನು ಎತ್ತರದ ಜಗತಿಯ ಮೇಲೆ ಕಟ್ಟಿದ್ದಕ್ಕೆ ಅರ್ಥವಿದೆ. ಅದರ ಮೇಲೆ ಸುತ್ತು ಹಾಕುತ್ತಾ ಆನೆ, ಕುದುರೆಗಳ ಸಾಲು ನೋಡಬಹುದು. ನಮ್ಮ ಕಚೇರಿಯ ಗೋಡೆಯಲ್ಲಿ ಎಲೆಯಡಿಕೆಯ ಕಲೆ ಬಿಟ್ಟರೆ ನೋಡುವಂಥದ್ದೇನೂ ಇರಲಿಲ್ಲ. ಆದರೂ ಎತ್ತರದಲ್ಲಿ ಕೂತರೇ ಸರ್ಕಾರ ಎಂದು ನಮಗೆಲ್ಲ ಅನ್ನಿಸಿತ್ತು.

ಆ ಮೆಟ್ಟಿಲ ಕೆಳಗೆ ಒಂದು ದಿನ ಸಾವಿತ್ರಮ್ಮ ತಮ್ಮ ಮೂರು ಚಕ್ರದ ಗಾಡಿ ನಿಲ್ಲಿಸಿದರು. ಬಸ್ ಸ್ಟ್ಯಾಂಡಿನ ಹಿಂದೆ ರವಿಕೆ ಹೊಲಿಯುವವರು. ಚಿಕ್ಕಂದಿನಲ್ಲೇ ಪೋಲಿಯೋ ಬಂದು ಕಾಲೆರಡೂ ಸೋತಿದ್ದವು. ತೀರಿಕೊಂಡ ತಾಯಿಯ ಮನೆ ಇವರ ಹೆಸರಿಗೆ ಖಾತೆಯಾಗಬೇಕಿತ್ತು. ಸಹಿ ಸಾಹೇಬರ ಎದುರೇ ಆಗಬೇಕು, ರಿಜಿಸ್ಟರು ಕೋಣೆ ಬಿಟ್ಟು ಬರುವಂತಿಲ್ಲ, ಮೂರು ತಿಂಗಳು ಮೀರಿದರೆ ಅರ್ಜಿ ವಜಾ.

ಜವಾನರಿಬ್ಬರು ಎತ್ತಿಕೊಂಡು ಹೋಗಲು ಬಂದರು. "ನಾನೇನು ಕೊಬ್ಬರಿ ಮೂಟೆನಾ? ಗಾಡೀಲೇ ಬತ್ತೀನಿ," ಎಂದರು ಸಾವಿತ್ರಮ್ಮ.

ನಾನು ಜಾಣತನ ತೋರಿಸಿದೆ. "ಮಾಲೇಕಲ್ಲು ಬೆಟ್ಟಾನೇ ಕೂತು ಕೂತು ಹತ್ತಿದೋರಂತೆ ನೀವು. ಒಂಬತ್ತು ಮೆಟ್ಟಿಲು ಯಾವ ಮಹಾ?"

"ಅದು ದೇವರಿಗೆ ಹೊತ್ತ ಹರಕೆ ಕಣ್ರೀ. ನಿಮ್ ಸಾಹೇಬ್ರಿಗೂ ಹರಕೆ ಹೊರ್ಬೇಕಾ?"

ಅಲ್ಲೇ ಗಾಡಿಯಲ್ಲಿ ಕೂತು ಇಳಿಜಾರು ಬೇಕೆಂದು ಅರ್ಜಿ ಬರೆದುಕೊಟ್ಟರು. ಅದನ್ನು ಮೇಲಿನ ಕಚೇರಿಗೆ ಕಳಿಸಿದೆ. ಎರಡು ತಿಂಗಳಿಗೆ ಉತ್ತರ ಬಂತು: 'ತಮ್ಮಲ್ಲಿ ಈಗಾಗಲೇ ಇಳಿಜಾರು ಇದೆ. ಎರಡನೆಯದಕ್ಕೆ ಮಂಜೂರಾತಿ ಇಲ್ಲ.'

ಅದನ್ನು ಮೆಟ್ಟಿಲಿಳಿದು ಓದಿ ಹೇಳಬೇಕಾದವನೂ ನಾನೇ. ಸಾವಿತ್ರಮ್ಮ ಮೆಟ್ಟಿಲ ಆ ಬದಿ ಈ ಬದಿ ನೋಡಿದರು. "ಎಲ್ಲೈತೆ ಸ್ವಾಮಿ, ತೋರ್ಸಿ ಮತ್ತೆ."

ನನಗೆ ನಾಚಿಕೆಯಾಯಿತು. ನಾನೇ ಬರೆದದ್ದೆಂದು ಒಪ್ಪಿಕೊಂಡೆ.

"ಬರ್ದಿರೋ ಕೈಲೇ ಹೊಡೆದಾಕಿ," ಎಂದು ಗಾಡಿ ತಿರುಗಿಸಿದರು.

ಅಂದೇ 'ಇಳಿಜಾರು ಇಲ್ಲ' ಎಂದು ತಿದ್ದುಪಡಿ ಕಳಿಸಿದೆ. ವಾರದೊಳಗೆ ನೋಟಿಸು ಬಂತು: 'ಇದ್ದ ಇಳಿಜಾರು ಎಲ್ಲಿ ಹೋಯಿತು? ಸರ್ಕಾರಿ ಆಸ್ತಿ ಕಾಣೆಯಾದ ಬಗ್ಗೆ ಹತ್ತು ದಿನಗಳಲ್ಲಿ ವಿವರಣೆ ನೀಡಿ.' ಹಳೆಯ ಉತ್ತರದ ಕೆಳಗೆ ತಮ್ಮದೇ ಸಹಿ ಕಂಡ ಸಾಹೇಬರು ಫ್ಯಾನಿನಡಿಯಲ್ಲೂ ಬೆವರಿದರು. ಕಾನೂನು ಹೇಳಿದಾಗ ಸಿಗದ ಸಿಮೆಂಟು, ಮರಳು ಮರುದಿನವೇ ಕಾಂಪೌಂಡಿನಲ್ಲಿ ಬಂದು ಬಿದ್ದವು. ಮೊದಲು ಕಟ್ಟಿದ್ದು ತೀರಾ ಕಡಿದಾಗಿದೆಯೆಂದು ಸಾವಿತ್ರಮ್ಮ ಗಾರೆಯವನನ್ನು ಗದರಿಸಿ ಉದ್ದ ಮಾಡಿಸಿದರು.

ಹತ್ತನೆಯ ದಿನ ಯಾರ ಕೈಯೂ ತಾಗಿಸಿಕೊಳ್ಳದೆ ಮೇಲೆ ಬಂದು, ಸಾಹೇಬರ ಎದುರು ಸಹಿ ಹಾಕಿದರು. ಹೋಗುವಾಗ ನನ್ನ ಮೇಜಿನ ಮೇಲಿದ್ದ ನೋಟಿಸು ನೋಡಿ ನಕ್ಕರು. "ಈ ಸಲ ನೋಡ್ಕಂಡ್ ಬರೀರಿ."

ನಾನು ಎದ್ದು ಹೋಗಿ, ಇಳಿಜಾರಿನಲ್ಲಿ ಒಮ್ಮೆ ಇಳಿದು, ಒಮ್ಮೆ ಹತ್ತಿ ಬಂದೆ. ಆಮೇಲೆ ಉತ್ತರ ಬರೆದೆ: 'ಕಾಣೆಯಾಗಿದ್ದ ಇಳಿಜಾರು ಸಿಕ್ಕಿದೆ.'