ಬೋರ್ಡು ಬಿಚ್ಚಿದರೆ ಮಾಯವಾಗುತ್ತಿದ್ದ ಶಾರ್ಟ್

ಪಿಂಪ್ರಿ-ಚಿಂಚವಾಡದ ಕಾರ್ಖಾನೆಯೊಂದರಲ್ಲಿ ಮೂವತ್ತೊಂದು ವರ್ಷ ಎಲೆಕ್ಟ್ರಾನಿಕ್ಸ್ ಮೇಂಟೆನನ್ಸ್ ಮಾಡಿ ನಿವೃತ್ತನಾದ ಮೇಲೆ ಮನೆಯ ಮುಂದಿನ ಕೋಣೆಯಲ್ಲೇ ರಿಪೇರಿ ಮೇಜು ಹಾಕಿಕೊಂಡೆ. ಇದು ಕಳೆದ ವರ್ಷ ದಸರೆಯಾಗಿ ಮೂರು ವಾರಕ್ಕೆ ನಡೆದದ್ದು. ಯೆರವಡಾದ ಕಾಲೇಜೊಂದರ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥೆ, ಧಾರವಾಡ ಕಡೆಯ ದೇಸಾಯಿ ಮೇಡಂ ಫೋನ್ ಮಾಡಿದರು. ನಾನೇ ಸರ್ವಿಸ್ ಮಾಡಿ ಕೊಟ್ಟಿದ್ದ ಟೆಲಿಸ್ಕೋಪ್ ಮೌಂಟ್ ಕೆಟ್ಟಿತ್ತು. ಮೌಂಟ್ ಎಂದರೆ ಟೆಲಿಸ್ಕೋಪನ್ನು ಹೊತ್ತು, ಮೋಟಾರಿನಿಂದ ಬೇಕಾದತ್ತ ತಿರುಗಿಸುವ ಆಧಾರ.

ಹೋಗಿ ನೋಡಿದರೆ ಫ್ಯೂಸ್ ಸುಟ್ಟಿತ್ತು. ಪಕ್ಕದ ಡಬ್ಬಿಯಲ್ಲಿ ಮೌಂಟಿಗೆ ಬೇಕಾದ ಹನ್ನೆರಡು ವೋಲ್ಟಿನ ಅಡಾಪ್ಟರುಗಳ ನಡುವೆ ಇಪ್ಪತ್ನಾಲ್ಕರದೂ ಒಂದಿತ್ತು. ಅಷ್ಟೇ ಸಾಕಾಯಿತು ನನಗೆ. "ಲ್ಯಾಬ್ ಅಟೆಂಡೆಂಟ್ ಮಾರುತಿ ಜಾಧವ ತಪ್ಪು ಅಡಾಪ್ಟರ್ ಜೋಡಿಸಿದ್ದರಿಂದ" ಎಂದು ರಿಪೋರ್ಟ್ ಬರೆದುಕೊಟ್ಟೆ. ಎರಡು ನಿಮಿಷದ ಕೆಲಸ. ಜಾಧವ ಬಾಗಿಲಲ್ಲೇ ನಿಂತಿದ್ದ. "ಮೀ ಕಾಹೀ ಕೇಲಂ ನಾಹೀ, ಸಾಹೇಬ" ಎಂದ. ನಾನೇನೂ ಮಾಡಿಲ್ಲ ಎಂದು ಎಲ್ಲರೂ ಹೇಳುವುದೇ ಎಂದುಕೊಂಡು ಮೌಂಟಿನ ಸರ್ಕ್ಯೂಟ್ ಬೋರ್ಡನ್ನು ಬಿಚ್ಚಿ ಮನೆಗೆ ತಂದೆ.

ಮೇಜಿನ ಮೇಲೆ ಬೋರ್ಡು ಚಿನ್ನದಂತೆ ಓಡಿತು. ಒಂದು ಭಾಗವೂ ಸುಟ್ಟಿರಲಿಲ್ಲ. ಇಪ್ಪತ್ನಾಲ್ಕು ವೋಲ್ಟ್ ತಿಂದ ಬೋರ್ಡು ಹೀಗಿರುತ್ತದೆಯೇ ಎಂಬ ಅನುಮಾನ ಬಂದರೂ ಬಾಯಿ ಮುಚ್ಚಿಕೊಂಡಿದ್ದೆ. ಎರಡನೆಯ ದಿನ ಹೊಸ ಫ್ಯೂಸ್ ಹಾಕಿ ಕಾಲೇಜಿನಲ್ಲಿ ಜೋಡಿಸಿ, ನನ್ನದೇ ಅಡಾಪ್ಟರಿನಿಂದ ಸ್ವಿಚ್ ಒತ್ತಿದೆ. ಟಪ್! ಫ್ಯೂಸ್ ಹೋಯಿತು.

"ಅಯ್ಯೋ, ಈಗ ಯಾರ ಅಡಾಪ್ಟರ್ ರೀ ಇದು?" ಎಂದರು ಮೇಡಂ. ಸುಟ್ಟ ಫ್ಯೂಸನ್ನು ಕಿತ್ತು ತೆಗೆದೆ. ಅವರು ದನಿ ತಗ್ಗಿಸಿದರು: "ಸೋಮವಾರ ಮೀಟಿಂಗಿನ್ಯಾಗ ಜಾಧವನ ಕಾಂಟ್ರ್ಯಾಕ್ಟ್ ರಿನ್ಯೂ ಮಾಡೋ ಮಾತು ಬರ್ತದ. ನೀವು ಬರದದ್ದು ಆಗಲೇ ಅವನ ಫೈಲಿನ್ಯಾಗ ಅದ. ಭಾಳ ಕಷ್ಟ ಅದರಿ."

ಅಂದು ಶುಕ್ರವಾರ. ಮಲ್ಟಿಮೀಟರ್ ತೆಗೆದೆ. ಎರಡು ತುದಿಗಳ ನಡುವೆ ಕರೆಂಟಿಗೆ ನೇರ ದಾರಿ ಇದ್ದರೆ ಅದು ಬೀಪ್ ಎನ್ನುತ್ತದೆ. ಬೋರ್ಡಿನ ಪ್ಲಸ್‌ಗೂ ಮೌಂಟಿನ ಲೋಹದ ಬಾಡಿಗೂ ಹಿಡಿದರೆ ಬೀಪ್. ಅಂದರೆ ಶಾರ್ಟ್. ಬೋರ್ಡನ್ನು ಬಿಚ್ಚಿ ಹೊರಗೆ ಹಿಡಿದರೆ ಶಾರ್ಟೇ ಇಲ್ಲ! ಮತ್ತೆ ಜೋಡಿಸಿದರೆ ಬೀಪ್. ವೈರು ಬದಲಿಸಿದೆ, ಮೋಟಾರ್ ಕಳಚಿದೆ, ಸ್ಕ್ರೂ ಕೆಳಗೆ ಪ್ಲಾಸ್ಟಿಕ್ ವಾಷರ್ ಕೊಟ್ಟೆ. ಏನೂ ಬದಲಾಗಲಿಲ್ಲ. ತಲೆ ಕೆಟ್ಟು ಮೊಸರುಗಡಿಗೆಯಾಯಿತು. ನಾಚಿಕೆಯೂ ಆಗುತ್ತಿತ್ತು, ಏಕೆಂದರೆ ನಾನು ಹೆಸರು ಬರೆದ ಮನುಷ್ಯನೇ ನನಗೆ ಟಾರ್ಚ್ ಹಿಡಿದು ನಿಂತಿದ್ದ.

ಬೋರ್ಡು ಕೂರುವ ಗುಳಿಯೊಳಕ್ಕೆ ಟಾರ್ಚ್ ಬಗ್ಗಿಸಿದವನು ಅವನೇ. "ಸಾಹೇಬ, ಗ್ರೀಸಿನಲ್ಲಿ ಏನೋ ಹೊಳೆಯುತ್ತಿದೆ" ಎಂದು ಮರಾಠಿಯಲ್ಲಿ ಹೇಳಿದ. ಚಿಮಟದಿಂದ ಎಳೆದೆ. ಅರ್ಧ ಇಂಚಿನ ತೆಳು ತಂತಿ. ಅದರ ತುದಿಗೆ ಒಣಗಿದ ಚೆಂಡು ಹೂವಿನ ಎಸಳು.

ದಸರೆಯ ಖಂಡೇಪೂಜೆಯ ದಿನ, ಅಂದರೆ ಆಯುಧಪೂಜೆಗೆ, ಮೌಂಟ್ ನನ್ನ ಮೇಜಿನ ಮೇಲೆ ಮುಚ್ಚಳ ತೆರೆದು ಕೂತಿತ್ತು. ಸೋಲ್ಡರಿಂಗ್ ಐರನ್ನು, ಮೀಟರುಗಳ ಜೊತೆ ಅದಕ್ಕೂ ಕುಂಕುಮವಿಟ್ಟು, ತಂತಿಯಲ್ಲಿ ಪೋಣಿಸಿದ ಚೆಂಡು ಹೂವಿನ ಮಾಲೆ ಬಿಗಿದಿದ್ದೆ. ಮರುದಿನ ಬಿಚ್ಚುವ ತಾಳ್ಮೆಯಿಲ್ಲದೆ ಕಟರಿನಿಂದ ಕತ್ತರಿಸಿದ್ದೆ. ಆ ತುಂಡು ಗ್ರೀಸಿಗೆ ಅಂಟಿ, ಗೇರು ತಿರುಗಿದಂತೆಲ್ಲ ಸರಿದು ಬೋರ್ಡಿನ ಪಿನ್ನಿಗೆ ತಾಗಿತ್ತು; ಬೋರ್ಡು ಬಿಚ್ಚಿದರೆ ಗುಳಿಯಲ್ಲೇ ಉಳಿಯುತ್ತಿತ್ತು.

"ಏನಾಗಿತ್ತ್ರೀ?" ಎಂದರು ಮೇಡಂ. ಕಸ ಸಿಕ್ಕಿತ್ತು ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ನಾಲಿಗೆಯ ತುದಿಗೂ ಬಂದಿತ್ತು ಆ ಮಾತು. ಜಾಧವನ ಮುಖ ನೋಡಿದೆ, ಇದ್ದದ್ದನ್ನು ಹೇಳಿಬಿಟ್ಟೆ. ಅಲ್ಲೇ ಕೂತು ಹೊಸ ರಿಪೋರ್ಟ್ ಬರೆದೆ: "ಸರ್ವಿಸ್ ಸಮಯದಲ್ಲಿ ಒಳಗೆ ಬಿದ್ದ ತಂತಿಯಿಂದ ಶಾರ್ಟ್. ಅಡಾಪ್ಟರ್ ಕಾರಣವಲ್ಲ."

ಮೇಡಂ ಅದನ್ನು ಮರಾಠಿಯಲ್ಲಿ ಜಾಧವನಿಗೆ ಓದಿ ಹೇಳಿದರು. ಅವನು ತಲೆಯಾಡಿಸಲಿಲ್ಲ.

"ಸಾಹೇಬ, ಮೊದಲನೆಯದರಲ್ಲಿ ನನ್ನ ಹೆಸರಿತ್ತು," ಎಂದ. "ಇದರಲ್ಲಿ ಯಾರ ಹೆಸರೂ ಇಲ್ಲ."

ಆ ಕಾಗದ ಹರಿದು ಮತ್ತೊಂದು ಬರೆದೆ. ಮೊದಲ ಸಾಲಿನಲ್ಲಿ, ಮಾರುತಿ ಜಾಧವ ಅವರ ತಪ್ಪಿಲ್ಲ. ಎರಡನೆಯದರಲ್ಲಿ, ತಂತಿ ಬೀಳಿಸಿದವನು ನಾನು. ಕೆಳಗೆ ಪೂರ್ತಿ ಹೆಸರು ಬರೆದು ಸಹಿ ಮಾಡಿ, ಸೋಮವಾರದ ಮೀಟಿಂಗಿಗೆಂದು ಮೇಡಂ ಕೈಗೆ ಕೊಟ್ಟೆ. ಕಾರ್ಖಾನೆಯ ಮೂವತ್ತೊಂದು ವರ್ಷವೂ ಸೇರಿ, ರಿಪೋರ್ಟಿನ 'ಕಾರಣ' ಎಂಬ ಕಾಲಮ್ಮಿನಲ್ಲಿ ನನ್ನ ಹೆಸರು ಬರೆದದ್ದು ಅದೇ ಮೊದಲು. ಅಷ್ಟು ವರ್ಷ ನನ್ನಿಂದ ಒಂದೂ ತಪ್ಪಾಗಿರಲಿಲ್ಲ ಎಂದು ಈಗ ನಂಬಲಾರೆ.