ಬೇಳೆಕಾಳಿನಷ್ಟು ಗ್ರಂಥಿಯ ಕೊಬ್ಬು

ರೋಗಶಾಸ್ತ್ರದಲ್ಲಿ ಮೂವತ್ತೊಂದು ವರ್ಷ ದುಡಿದು ಈ ತಿಂಗಳು ನಿವೃತ್ತರಾಗುತ್ತಿರುವ ಡಾ. ಏಕನಾಥಮ್ಮನವರ ಮುಖ ಹೆಚ್ಚಿನ ರೋಗಿಗಳಿಗೆ ಗೊತ್ತಿಲ್ಲ. ಹೊಸದುರ್ಗ, ಹಿರಿಯೂರು, ಚಿತ್ರದುರ್ಗದ ಸಾವಿರಾರು ವರದಿಗಳ ಕೆಳಗೆ ಅವರ ಸಹಿ ಮಾತ್ರ ಇದೆ. ಭರಮಸಾಗರದ ಕುರಿ ಸಾಕುವ ಮನೆತನದವರು. ಹೊಗಳಿಕೆ ಅವರಿಗೆ ಆಗದು. ಆದ್ದರಿಂದ ನನ್ನದೊಂದು ತಪ್ಪನ್ನೇ ಬರೆಯುತ್ತೇನೆ.

ನಾಲ್ಕು ವರ್ಷಗಳ ಹಿಂದೆ, ನಾನು ಅವರ ವಿದ್ಯಾರ್ಥಿಯಾಗಿದ್ದಾಗ, ರಾಮಗಿರಿಯ ಹತ್ತೊಂಬತ್ತರ ರಮ್ಯಾಳಿಗೆ ಎರಡು ಸಲ ಮೂಳೆ ಮುರಿದಿತ್ತು. ರಕ್ತದಲ್ಲಿ ಕ್ಯಾಲ್ಸಿಯಂ ವಿಪರೀತ. ಕುತ್ತಿಗೆಯಲ್ಲಿ ಬೇಳೆಕಾಳಿನಷ್ಟು ನಾಲ್ಕು ಪ್ಯಾರಾಥೈರಾಯಿಡ್ ಗ್ರಂಥಿಗಳಿರುತ್ತವೆ. ಅವುಗಳಲ್ಲೊಂದು ಗಡ್ಡೆಯಾಗಿ ಅವಳ ಮೂಳೆ ಕರಗಿಸುತ್ತಿತ್ತು. ಸರ್ಜನ್ ರಘುನಾಥ್ ತುಸು ದಪ್ಪ ಕಂಡ ಗ್ರಂಥಿಯ ಚೂರೊಂದನ್ನು ನಮಗೆ ಕಳುಹಿಸಿ, ಆಪರೇಷನ್ ನಿಲ್ಲಿಸಿಕೊಂಡು ಕಾದರು.

ಸ್ವಸ್ಥ ಗ್ರಂಥಿಯಲ್ಲಿ ಕೋಶಗಳ ನಡುವೆ ಕೊಬ್ಬಿರುತ್ತದೆ, ಗಡ್ಡೆಯಲ್ಲಿ ಸಾಮಾನ್ಯವಾಗಿ ಇರದು. ಇಷ್ಟನ್ನು ನಾನು ಹಾಸ್ಟೆಲ್ ಲೈಬ್ರರಿಯಲ್ಲಿ ಓದಿದ್ದೆ. “ಕೊಬ್ಬಿಲ್ಲ ಮೇಡಂ, ಇದೇ ಗಡ್ಡೆ” ಎಂದು, ಸರ್ಜನ್‌ಗೆ ತಿಳಿಸಲು ಫೋನಿಗೆ ಕೈ ಹಾಕಿದೆ.

“ಕೊಬ್ಬು ಅದಕ್ಕಿಲ್ಲ, ನಿನಗೈತೆ. ಇಡಪ್ಪ ಫೋನು. ಹುಡುಗಿ ವಯಸ್ಸೆಷ್ಟು?”

“ಹತ್ತೊಂಬತ್ತು.”

“ಹರೇದ ಹುಡುಗೀಗೆ ನಡುವೆ ಕೊಬ್ಬು ಎಲ್ಲಿಂದ ಬರ್ಬೇಕು? ಕೋಶದ ಒಳಗೆ ನೋಡು.”

ಕೊಬ್ಬನ್ನು ಕೆಂಪಾಗಿಸುವ ಬಣ್ಣ ಹಾಕಿದೆವು. ಕೋಶಗಳ ಒಳಗೆಲ್ಲ ಕೆಂಪು ಹನಿಗಳು. ಕೆಲಸವಿಲ್ಲದ ಕೋಶ ತನ್ನೊಳಗೆ ಕೊಬ್ಬು ಕೂಡಿಸಿಕೊಳ್ಳುತ್ತದೆ: ಅದು ವಿಶ್ರಾಂತಿಯಲ್ಲಿದ್ದ ಸ್ವಸ್ಥ ಗ್ರಂಥಿ. ನನ್ನ ಮಾತು ತಲುಪಿದ್ದರೆ ರೋಗವನ್ನು ಒಳಗೇ ಬಿಟ್ಟು ರಮ್ಯಾಳ ಕುತ್ತಿಗೆ ಹೊಲಿಯುತ್ತಿದ್ದರು. “ರಘುನಾಥ್, ಇದಲ್ಲ. ಇನ್ನೂ ಹುಡುಕ್ರಿ” ಎಂದರು ಮೇಡಂ ಫೋನಿನಲ್ಲಿ. ಎಡಗಡೆ ಕೆಳಗೆ ಅಡಗಿದ್ದ ಗಡ್ಡೆ ಸಿಕ್ಕಿತು. ಅದರ ಕೋಶಗಳಲ್ಲಿ ಕೆಂಪು ಹನಿ ಇರಲಿಲ್ಲವೆಂದೇ ಹೇಳಬೇಕು.

ನನ್ನ ತಪ್ಪನ್ನು ಮೇಡಂ ಯಾರಿಗೂ ಹೇಳಲಿಲ್ಲ. ಆದರೆ ಮುಂದೆ ನಾನು ಒಯ್ದ ಪ್ರತಿ ಸ್ಲೈಡಿಗೂ, ನೋಡುವ ಮೊದಲೇ, “ವಯಸ್ಸೆಷ್ಟು?” ಎಂದು ಕೇಳಿದರು. ಅದಕ್ಕಿಂತ ದೊಡ್ಡ ಪಾಠ ನಾನು ಓದಿಲ್ಲ.

ಹೋದ ತಿಂಗಳು ರಮ್ಯಾ ತಾಯಿ ಈರಕ್ಕನೊಂದಿಗೆ ನಮ್ಮ ವಿಭಾಗಕ್ಕೇ ಬಂದಳು. ಮೈಕೈ ತುಂಬಿಕೊಂಡಿದ್ದಳು; ಮೆಟ್ಟಿಲನ್ನು ಓಡುತ್ತಲೇ ಹತ್ತಿದ್ದಳು.

“ನೋಡ್ರಿ ಮೇಡಂ, ಈಗ ಕೊಬ್ಬು ಬಂದೈತೆ ಇವ್ಳಿಗೆ. ನನ್ನ ಮಾತೇ ಕೇಳಲ್ಲ” ಎಂದು ಈರಕ್ಕ ದೂರಿದರು.

“ಇರ್ಲಿ ಬಿಡವ್ವ. ಕೊಬ್ಬೈತೆ ಅಂದ್ರೆ ಎಲ್ಲ ನೆಟ್ಟಗೈತೆ ಅಂತ ಲೆಕ್ಕ!”

ರಮ್ಯಾ ನಕ್ಕಳು. ಮೇಡಂ ನನ್ನ ಕಡೆ ನೋಡಿ ಇನ್ನೂ ಜೋರಾಗಿ ನಕ್ಕರು.

ಅವರಿಗೆ ನೂರು ತುಂಬಲಿ. ಸೂಕ್ಷ್ಮದರ್ಶಕದ ಎದುರಿನ ಅವರ ಕುರ್ಚಿಯಲ್ಲಿ ನಾವಾರೂ ಕೂರುವುದಿಲ್ಲ. ವಾರಕ್ಕೊಮ್ಮೆಯಾದರೂ ಬಂದು ನಮ್ಮ ಕೊಬ್ಬನ್ನು ಪರೀಕ್ಷಿಸುತ್ತಿರಲಿ.